ಮನೆಯೊಳಗೇ ಇರುವ ಮೊಲಕ್ಕೂ ಲಸಿಕೆ ಬೇಕಾ?

ಪ್ರಶ್ನೆ: ನಾವು ಶಿವಮೊಗ್ಗದವರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಮನೆಯಲ್ಲಿ ಎರಡು ಮೊಲಗಳಿವೆ. ಬೆಳ್ಳಿ ಹೆಣ್ಣು, ಎರಡು ವರ್ಷ, ಮರಿಯಿದ್ದಾಗ ತಂದದ್ದು. ಈವರೆಗೆ ಯಾವ ಲಸಿಕೆಯೂ ಆಗಿಲ್ಲ. ಗುಂಡ ಗಂಡು, ಆರೋ ಏಳೋ ವರ್ಷ ಇರಬಹುದು. ಹಳೆಯ ಮನೆಯವರು ಸಾಕಲಾಗದೆ ಬಿಟ್ಟುಕೊಟ್ಟಾಗ ನಾವು ತಂದೆವು. ಅವನಿಗೆ ಮೊದಲು ಏನು ಲಸಿಕೆ ಆಗಿತ್ತು ಎಂಬ ದಾಖಲೆ ಇಲ್ಲ. ಎರಡೂ ಮನೆಯೊಳಗೇ ಇರುತ್ತವೆ, ಬೇಸಿಗೆಯ ಸಂಜೆ ಮಾತ್ರ ಹಿತ್ತಲಿಗೆ ಬಿಡುತ್ತೇವೆ. ಬೇಲಿಯಾಚೆ ಹೊಲದಲ್ಲಿ ಕಾಡಿನ ಮೊಲಗಳು ಓಡಾಡುತ್ತವೆ. ವೆಟ್ ಪ್ರತಿ ವರ್ಷ ಲಸಿಕೆ ಹಾಕಿಸಿ ಎನ್ನುತ್ತಾರೆ. ಗುಂಡನಿಗೆ ಎರಡು ಬೇರೆ ಬೇರೆ ಲಸಿಕೆ ಬೇಕಾಗಬಹುದು ಎಂದೂ ಹೇಳಿದರು. ನಮ್ಮ ಯಜಮಾನರಿಗೆ ಇದೆಲ್ಲ ದುಡ್ಡು ಮಾಡುವ ದಾರಿ ಅನ್ನಿಸಿದೆ. ಅಮ್ಮ ಫೋನಿನಲ್ಲಿ "ನಮ್ಮನೇಲಿ ಎಷ್ಟು ಮೊಲ ಸಾಕಿದ್ವಿ, ಒಂದಕ್ಕೂ ಚುಚ್ಚಿಸಿಲ್ಲ" ಎನ್ನುತ್ತಾರೆ. ಲಸಿಕೆ ಹಾಕಿದ ಮರುದಿನ ಮೊಲ ಸತ್ತಿತು ಎಂದು ಯಾರೋ ಬರೆದದ್ದನ್ನು ಓದಿ ನನಗೂ ಭಯ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಇವನ್ನು ಬೋರ್ಡಿಂಗಿನಲ್ಲಿ ಬಿಡಬೇಕು. ಮುಂದೆ ಬೆಂಗಳೂರಿಗೇ ವಾಪಸಾದರೆ ಅಲ್ಲೂ ಈ ಲಸಿಕೆ ಬೇಕಾ?

ಉತ್ತರ: ನಿಮ್ಮ ಅಮ್ಮ ಹೇಳಿದ್ದು ಸರಿ. ನಿಮ್ಮ ವೆಟ್ ಹೇಳಿದ್ದೂ ಸರಿ. ಇಬ್ಬರೂ ತಮ್ಮ ತಮ್ಮ ಊರಿನ ಮಾತು ಹೇಳುತ್ತಿದ್ದಾರೆ, ಅಷ್ಟೇ. ನಾನು ಹೆಬ್ಬಾಳದಲ್ಲಿ ಪಶುವೈದ್ಯಕೀಯ ಓದಿ, ಮೊದಲು ಹಸು-ಎಮ್ಮೆ ನೋಡಿಕೊಂಡಿದ್ದು, ಆಮೇಲೆ ಇಂಗ್ಲೆಂಡಿಗೆ ಬಂದು ನಾಯಿ, ಬೆಕ್ಕು, ಮೊಲಗಳ ಕೆಲಸಕ್ಕೆ ಇಳಿದವನು. ಊರಿನಲ್ಲಿದ್ದಾಗ ಮೊಲಕ್ಕೆ ಲಸಿಕೆ ಹಾಕುವ ಯೋಚನೆಯೇ ಬಂದಿರಲಿಲ್ಲ. ಇಲ್ಲಿ ಮೊಲ ಮೇಜಿನ ಮೇಲೆ ಬಂದರೆ ನಾನು ಕೇಳುವ ಮೊದಲ ಮಾತುಗಳಲ್ಲೇ ಅದೂ ಒಂದು.

ನೇರ ಉತ್ತರ ಬೇಕಿದ್ದರೆ ಇದು: ರೆಡಿಂಗ್‌ನಲ್ಲಿ ಇರುವಷ್ಟು ಕಾಲ ಎರಡಕ್ಕೂ ಹಾಕಿಸಿ. ಬೆಂಗಳೂರಿನ ಲೆಕ್ಕ ಬೇರೆ, ಕೊನೆಯಲ್ಲಿ ಹೇಳುತ್ತೇನೆ. ಆದರೆ ಹಾಕಿಸಿ ಎಂದಷ್ಟೇ ಹೇಳಿದರೆ ನಿಮ್ಮ ಯಜಮಾನರು ಒಪ್ಪುವುದಿಲ್ಲ ಅಲ್ವಾ? ಹಾಗಾಗಿ ಕಾರಣಗಳನ್ನೂ ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಮೊಲಕ್ಕೆ ಲಸಿಕೆ ಕೊಡುವುದು ಮುಖ್ಯವಾಗಿ ಎರಡು ರೋಗಗಳಿಗೆ. ಒಂದು ಮಿಕ್ಸೊಮಟೋಸಿಸ್. ಇನ್ನೊಂದು ಆರ್‌ಎಚ್‌ಡಿ, ಅಂದರೆ ಒಳಗೊಳಗೇ ರಕ್ತಸ್ರಾವವಾಗಿ ಸಾಯಿಸುವ ರೋಗ. ಎರಡಕ್ಕೂ ಕಾರಣ ವೈರಸ್. ಎರಡಕ್ಕೂ ಮದ್ದಿಲ್ಲ. ಎರಡೂ ಮನುಷ್ಯರಿಗೆ, ನಾಯಿಗೆ, ಬೆಕ್ಕಿಗೆ ಅಂಟುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಹೆದರಿಕೆ ಬೇಡ.

ಮಿಕ್ಸೊಮಟೋಸಿಸ್ ಹುಟ್ಟಾ ದಕ್ಷಿಣ ಅಮೆರಿಕದ್ದು. ಅಲ್ಲಿನ ಕಾಡುಮೊಲಕ್ಕೆ ಅದರಿಂದ ಚರ್ಮದ ಮೇಲೆ ಒಂದು ಸಣ್ಣ ಗಂಟು ಬರುತ್ತದೆ, ಹೆಚ್ಚಿನ ತೊಂದರೆ ಇಲ್ಲ. ಆದರೆ ನಾವು ಸಾಕುವ ಮೊಲ ಯುರೋಪಿನ ಜಾತಿ. 1896ರಲ್ಲಿ ಉರುಗ್ವೆಯ ಮಾಂಟೆವಿಡಿಯೊದ ಒಂದು ಪ್ರಯೋಗಾಲಯದಲ್ಲಿ ಯುರೋಪಿನ ಮೊಲಗಳು ಸಾಲಾಗಿ ಸತ್ತಾಗಲೇ ಈ ರೋಗ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು. ಅದು ಅಲ್ಲೇ ಉಳಿಯಬಹುದಿತ್ತು. ಆಸ್ಟ್ರೇಲಿಯಾದಲ್ಲಿ ಮೊಲಗಳ ಕಾಟ ಮಿತಿಮೀರಿದ್ದರಿಂದ 1950ರಲ್ಲಿ ಸರ್ಕಾರವೇ ವೈರಸ್ಸನ್ನು ಹೊಲಗಳಿಗೆ ಬಿಟ್ಟಿತು. ಮೊದಮೊದಲು ಸೋಂಕು ತಗುಲಿದ ನೂರರಲ್ಲಿ ಒಂದು ಮೊಲ ಬದುಕಿದರೂ ಹೆಚ್ಚು ಎನ್ನುವ ಹಾಗಿತ್ತು. ಅದನ್ನು ನೋಡಿ 1952ರಲ್ಲಿ ಫ್ರಾನ್ಸಿನ ಅರ್ಮಾಂ-ದೆಲೀಲ್ ಎಂಬ ನಿವೃತ್ತ ವೈದ್ಯ ತನ್ನ ಎಸ್ಟೇಟಿನ ಮೊಲಗಳನ್ನು ಕಮ್ಮಿ ಮಾಡಲು ಅದೇ ವೈರಸ್ ತರಿಸಿಕೊಂಡು ಬಿಟ್ಟ. ಎಸ್ಟೇಟಿಗೆ ಗೋಡೆ ಇತ್ತು, ಹೊರಗೆ ಹೋಗುವುದಿಲ್ಲ ಎಂದುಕೊಂಡಿದ್ದ. ಮುಂದಿನ ವರ್ಷ, 1953ರಲ್ಲಿ, ಅದು ಇಂಗ್ಲೆಂಡಿನ ಕೆಂಟ್‌ನಲ್ಲಿ ಕಾಣಿಸಿತು. 1955ರ ಹೊತ್ತಿಗೆ ಬ್ರಿಟನ್ನಿನ ಮೊಲಗಳಲ್ಲಿ ನೂರಕ್ಕೆ 95ರಷ್ಟು ಸತ್ತಿದ್ದವು.

ಗೋಡೆ ಇದ್ದೂ ಹೇಗೆ ಹೊರಗೆ ಹೋಯಿತು? ನಿಮ್ಮ ಪ್ರಶ್ನೆಗೆ ಬೇಕಾದ ಮಾತು ಇದೇ. ಈ ವೈರಸ್ಸನ್ನು ಸಾಗಿಸುವುದು ರಕ್ತ ಹೀರುವ ಕೀಟಗಳು. ಆಸ್ಟ್ರೇಲಿಯಾದಲ್ಲಿ ಹೆಚ್ಚಾಗಿ ಸೊಳ್ಳೆ, ಬ್ರಿಟನ್ನಿನಲ್ಲಿ ಹೆಚ್ಚಾಗಿ ಮೊಲದ ಚಿಗಟ. ಸೊಳ್ಳೆ ಕಿಟಕಿಯಿಂದ ಒಳಗೆ ಬರುತ್ತದೆ. ಹೊಲದಲ್ಲಿ ಬೇಟೆಯಾಡಿ ಬಂದ ಬೆಕ್ಕಿನ ಕಿವಿಯಂಚಿನಲ್ಲಿ ಮೊಲದ ಚಿಗಟಗಳು ಕೂತಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಪಕ್ಕದ ಮನೆಯ ಬೆಕ್ಕು ನಿಮ್ಮ ಹಿತ್ತಲಿಗೆ ಬರುತ್ತದೆಯೇ ಎಂದು ಕೇಳುವ ಅಗತ್ಯವೇ ಇಲ್ಲ, ಇಂಗ್ಲೆಂಡಿನಲ್ಲಿ ಬಂದೇ ಬರುತ್ತದೆ.

ರೋಗ ಬಂದರೆ ಮೊದಲು ಕಣ್ಣಿನ ರೆಪ್ಪೆ ಊದುತ್ತದೆ, ಕೀವು ಸುರಿಯುತ್ತದೆ. ಆಮೇಲೆ ಕಿವಿಯ ಬುಡ, ಮೂತಿ, ಜನನಾಂಗ ಎಲ್ಲ ಊದಿಕೊಳ್ಳುತ್ತವೆ. ಮೊಲ ಕುರುಡಾಗುತ್ತದೆ, ತಿನ್ನುವುದು ಬಿಡುತ್ತದೆ, ಹೆಚ್ಚಿನವು ಸುಮಾರು ಎರಡು ವಾರದೊಳಗೆ ಸಾಯುತ್ತವೆ. ಲಸಿಕೆ ಆಗದ ಮೊಲ ಈ ಹಂತಕ್ಕೆ ಬಂದರೆ ನಾನು ಸಾಮಾನ್ಯವಾಗಿ ನೋವಿಲ್ಲದೆ ಕೊನೆಗಾಣಿಸುವ ಮಾತನ್ನೇ ಆಡಬೇಕಾಗುತ್ತದೆ. ಹೊಲದ ಮೊಲಗಳು ಎಪ್ಪತ್ತು ವರ್ಷಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದಿಷ್ಟು ತಡೆದುಕೊಳ್ಳುವ ಶಕ್ತಿ ಪಡೆದಿವೆ. ಸಾಕುಮೊಲಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ "ಹೊಲದ ಮೊಲಗಳು ಆರಾಮಾಗಿ ಓಡಾಡ್ತಿವೆಯಲ್ಲ" ಎಂಬ ಲೆಕ್ಕ ಬೆಳ್ಳಿಗೆ ಹೊಂದುವುದಿಲ್ಲ.

ನನಗೆ ಜಾಸ್ತಿ ಹೆದರಿಕೆ ಎರಡನೆಯ ರೋಗದ್ದು. ಆರ್‌ಎಚ್‌ಡಿ ಮೊದಲು ಗೊತ್ತಾದದ್ದು 1984ರಲ್ಲಿ, ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ. ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳಲ್ಲಿ ಕಾಣಿಸಿಕೊಂಡು, ಒಂದು ವರ್ಷದೊಳಗೆ ಆ ದೇಶದಲ್ಲಿ ಸುಮಾರು 14 ಕೋಟಿ ಮೊಲಗಳನ್ನು ತಿಂದುಹಾಕಿತು. ಬ್ರಿಟನ್ನಿಗೆ ಬಂದದ್ದು 1992ರಲ್ಲಿ. 2010ರಲ್ಲಿ ಫ್ರಾನ್ಸಿನಲ್ಲಿ ಇದರ ಹೊಸ ರೂಪ ಕಾಣಿಸಿತು. ಅದನ್ನು ಆರ್‌ಎಚ್‌ಡಿ-2 ಎನ್ನುತ್ತಾರೆ. ಹಳೆಯ ವೈರಸ್ ಎಳೆಯ ಮರಿಗಳನ್ನು ಬಿಟ್ಟುಬಿಡುತ್ತಿತ್ತು, ಹೊಸದು ಬಿಡುವುದಿಲ್ಲ. ಹಳೆಯ ಲಸಿಕೆ ಹಾಕಿಸಿದ್ದ ಮೊಲಗಳೂ ಇದಕ್ಕೆ ಸಿಕ್ಕಿಬಿದ್ದವು. ಕೆಲವೇ ವರ್ಷಗಳಲ್ಲಿ ಬ್ರಿಟನ್, ಆಸ್ಟ್ರೇಲಿಯಾ ಮುಟ್ಟಿ, 2020ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳ ಕಾಡಿಗೂ ಹಬ್ಬಿತು.

ಇದರ ಲಕ್ಷಣ ಹೇಳಿ ಎಂದರೆ ಕಷ್ಟ, ಯಾಕೆಂದರೆ ಎಷ್ಟೋ ಸಲ ಲಕ್ಷಣವೇ ಇರುವುದಿಲ್ಲ. ರಾತ್ರಿ ಸೊಪ್ಪು ತಿಂದು ಮಲಗಿದ ಮೊಲ ಬೆಳಿಗ್ಗೆ ಸತ್ತಿರುತ್ತದೆ. ಕೆಲವಕ್ಕೆ ಮೂಗಿನಲ್ಲಿ ರಕ್ತ, ಕೆಲವಕ್ಕೆ ಕೊನೆಯ ಗಳಿಗೆಯಲ್ಲಿ ಸೆಳೆತ. ಒಳಗೆ ಲಿವರ್ ಹಾಳಾಗಿರುತ್ತದೆ. ಮನೆಯವರು ಹಾರ್ಟ್ ಅಟ್ಯಾಕ್ ಇರಬೇಕು, ಏನೋ ವಿಷದ ಗಿಡ ತಿಂದಿರಬೇಕು ಎಂದುಕೊಂಡು ಹಿತ್ತಲಲ್ಲಿ ಹೂತುಬಿಡುತ್ತಾರೆ. ಎರಡು ದಿನ ಬಿಟ್ಟು ಜೊತೆಯ ಮೊಲವೂ ಸತ್ತಾಗ ನಮಗೆ ಫೋನ್ ಬರುತ್ತದೆ. ಕಾರಣ ಗೊತ್ತಿಲ್ಲದೆ ಮೊಲ ಸತ್ತರೆ, ಮನೆಯಲ್ಲಿ ಇನ್ನೊಂದು ಮೊಲ ಇದ್ದರೆ, ಲಿವರ್‌ನ ಒಂದು ತುಣುಕನ್ನು ಪರೀಕ್ಷೆಗೆ ಕಳಿಸಲು ನಾನು ಒತ್ತಾಯ ಮಾಡುತ್ತೇನೆ. ಸತ್ತದ್ದಕ್ಕೆ ಇನ್ನೇನು ಪರೀಕ್ಷೆ ಎಂದು ಜನ ಬೇಜಾರಾಗುತ್ತಾರೆ. ಅದು ಬದುಕಿರುವುದಕ್ಕಾಗಿ ಮಾಡುವ ಪರೀಕ್ಷೆ.

ಈ ವೈರಸ್ ಮೈಯ ಹೊರಗೂ ತಿಂಗಳುಗಟ್ಟಲೆ ಬದುಕುತ್ತದೆ. ಚಳಿಗೆ ಸಾಯುವುದಿಲ್ಲ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಸೋಂಕಿನ ಮೊಲದ ಹಿಕ್ಕೆ ಮೆಟ್ಟಿದ ಶೂ, ಕಾರಿನ ಚಕ್ರ, ನಾಯಿಯ ಪಾದ, ನೊಣ, ಹಕ್ಕಿ, ಹೊಲದಿಂದ ಬಂದ ಒಣಹುಲ್ಲು, ಇವುಗಳಲ್ಲಿ ಯಾವುದರ ಮೇಲಾದರೂ ಸವಾರಿ ಮಾಡಿ ಮನೆಯೊಳಗೆ ಬರಬಹುದು. ನೀವು ಭಾನುವಾರ ಹೊಲದ ಕಡೆ ನಡೆದುಬಂದು ಶೂ ಬಿಟ್ಟ ಜಾಗದಲ್ಲೇ ಗುಂಡ ಮೂಸಿ ನೋಡಿದರೆ ಸಾಕು. ನಮ್ಮಲ್ಲಿ ಚಪ್ಪಲಿ ಬಾಗಿಲಾಚೆ ಬಿಡುವ ಅಭ್ಯಾಸ ಇದೆಯಲ್ಲ, ಮೊಲ ಸಾಕುವವರು ಇಲ್ಲೂ ಅದನ್ನು ಬಿಡಬೇಡಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಅಂದರೆ "ಮನೆಯೊಳಗಿರುವ ಮೊಲಕ್ಕೆ ರೋಗ ಬರಲ್ಲ" ಎಂಬುದು ಅರ್ಧ ಸತ್ಯ. ಹೊರಗಿರುವ ಮೊಲಕ್ಕಿಂತ ಅಪಾಯ ಕಮ್ಮಿ, ಖಂಡಿತ. ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದೂ ಅಲ್ಲದೆ ನಿಮ್ಮವು ಸಂಜೆ ಹಿತ್ತಲಿಗೆ ಹೋಗುತ್ತವೆ, ಬೇಲಿಯಾಚೆ ಕಾಡಿನ ಮೊಲಗಳಿವೆ. ಸಂಜೆಯೇ ಸೊಳ್ಳೆ ಏಳುವ ಹೊತ್ತು. ನನ್ನ ಲೆಕ್ಕದಲ್ಲಿ ಅವು ಪೂರ್ತಿ ಮನೆಮೊಲಗಳಲ್ಲ.

ಈಗ ಲಸಿಕೆಗಳ ವಿಚಾರ. ಬ್ರಿಟನ್ನಿನಲ್ಲಿ 2020ರಿಂದ ಹೆಚ್ಚು ಬಳಕೆಯಲ್ಲಿರುವುದು ನೋಬಿವ್ಯಾಕ್ ಮಿಕ್ಸೊ-ಆರ್‌ಎಚ್‌ಡಿ ಪ್ಲಸ್. ಮಿಕ್ಸೊಮಟೋಸಿಸ್, ಹಳೆಯ ಆರ್‌ಎಚ್‌ಡಿ, ಆರ್‌ಎಚ್‌ಡಿ-2 ಮೂರಕ್ಕೂ ಒಂದೇ ಚುಚ್ಚು. ಐದು ವಾರದ ಮರಿಯಿಂದಲೇ ಕೊಡಬಹುದು. ಪೂರ್ತಿ ಕೆಲಸ ಮಾಡಲು 3 ವಾರ ಬೇಕು, ರಕ್ಷಣೆ ಒಂದು ವರ್ಷ. ಇನ್ನೊಂದು ಫಿಲಾವ್ಯಾಕ್. ಇದು ಆರ್‌ಎಚ್‌ಡಿಯ ಎರಡೂ ರೂಪಗಳಿಗೆ ಮಾತ್ರ, ಮಿಕ್ಸೊಮಟೋಸಿಸ್‌ಗೆ ಅಲ್ಲ. ಹತ್ತು ವಾರ ದಾಟಿದ ಮೊಲಕ್ಕೆ ಕೊಡುತ್ತಾರೆ, ವಾರದಲ್ಲೇ ರಕ್ಷಣೆ ಶುರುವಾಗುತ್ತದೆ, ಅದೂ ಒಂದು ವರ್ಷ.

ಬೆಳ್ಳಿಗೆ ಒಂದೇ ಸಾಕು, ಗುಂಡನಿಗೆ ಎರಡು ಯಾಕೆ? ಇದು ದುಡ್ಡಿನ ಆಟವಲ್ಲ, ಲಸಿಕೆ ತಯಾರಾದ ರೀತಿಯಿಂದ ಬಂದ ತೊಡಕು. ನೋಬಿವ್ಯಾಕ್ ಪ್ಲಸ್‌ನಲ್ಲಿರುವುದು ಬಲಗುಂದಿಸಿದ ಮಿಕ್ಸೊಮಾ ವೈರಸ್. ಅದಕ್ಕೆ ಆರ್‌ಎಚ್‌ಡಿ ವೈರಸ್ಸಿನ ಅಂಗಿ ತೊಡಿಸಿ ಕಳಿಸಿದ ಹಾಗೆ ಅಂದುಕೊಳ್ಳಿ. ಮೊಲದ ಮೈ ಇಬ್ಬರನ್ನೂ ಗುರುತು ಹಿಡಿದುಕೊಳ್ಳುತ್ತದೆ. ಆದರೆ ಆ ಮೊಲಕ್ಕೆ ಮೊದಲೇ ಬೇರೆ ಮಿಕ್ಸೊಮಟೋಸಿಸ್ ಲಸಿಕೆ ಆಗಿದ್ದರೆ, ಅಥವಾ ರೋಗವೇ ಬಂದು ಹೋಗಿದ್ದರೆ, ಒಳಗೆ ಬಂದ ವೈರಸ್ಸನ್ನು ಮೈ ಕೂಡಲೇ ಹೊಡೆದುಹಾಕುತ್ತದೆ. ಅಂಗಿಯನ್ನು ನೋಡಿ ಕಲಿಯುವಷ್ಟು ಸಮಯ ಸಿಗುವುದಿಲ್ಲ. ಹೀಗಾದರೆ ಆರ್‌ಎಚ್‌ಡಿ ವಿರುದ್ಧ ರಕ್ಷಣೆ ಸರಿಯಾಗಿ ಬರದೆ ಹೋಗಬಹುದು. ಲಸಿಕೆ ಕಂಪನಿಯೇ ತನ್ನ ಕಾಗದದಲ್ಲಿ ಈ ಎಚ್ಚರಿಕೆ ಬರೆದಿದೆ. ಗುಂಡನ ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ, ವಯಸ್ಸು ನೋಡಿದರೆ ಹಳೆಯ ಲಸಿಕೆಗಳ ಕಾಲದವನು. ಹಾಗಾಗಿ ಅವನಿಗೆ ನೋಬಿವ್ಯಾಕ್ ಪ್ಲಸ್ ಹಾಕಿ, ಕನಿಷ್ಠ ಎರಡು ವಾರ ಬಿಟ್ಟು ಫಿಲಾವ್ಯಾಕ್ ಕೊಡುವುದು ಭದ್ರ. ನಿಮ್ಮ ವೆಟ್ ಇಷ್ಟನ್ನು ಯೋಚಿಸಿ ಹೇಳಿದ್ದಾರೆಂದರೆ ಅವರನ್ನು ಬಿಡಬೇಡಿ, ಮೊಲದ ವಿಷಯ ತಿಳಿದವರು.

ಬೆಳ್ಳಿಗೆ ಹೀಗೆ ಯಾವ ತೊಡಕೂ ಇಲ್ಲ. ಮರಿಯಿಂದ ನಿಮ್ಮಲ್ಲೇ ಇದ್ದಾಳೆ, ಯಾವುದೂ ಆಗಿಲ್ಲ. ಅವಳಿಗೆ ಒಂದೇ ಚುಚ್ಚು.

ಇನ್ನು ನಿಮ್ಮ ಭಯ. ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೆರಡು ದಿನ ಮೈ ಸ್ವಲ್ಪ ಬಿಸಿಯಾಗಬಹುದು, ಮಂಕಾಗಿ ಮೂಲೆಯಲ್ಲಿ ಕೂರಬಹುದು. ಚುಚ್ಚಿದ ಜಾಗದಲ್ಲಿ ನೋವಿಲ್ಲದ ಸಣ್ಣ ಗಂಟು ಬಂದು ಮೂರು ವಾರದೊಳಗೆ ಕರಗುವುದು ಮಾಮೂಲು. ಗಿಡ್ಡ ಜಾತಿಯ ಮೊಲಗಳಲ್ಲಿ ಅಪರೂಪಕ್ಕೆ ಆ ಜಾಗದ ಕೂದಲು ಉದುರಿ ಹಕ್ಕಳೆಗಟ್ಟುತ್ತದೆ. ತೀರಾ ವಿರಳವಾಗಿ ಸೌಮ್ಯ ಮಿಕ್ಸೊಮಟೋಸಿಸ್‌ನಂಥ ಲಕ್ಷಣ ಬರುವುದುಂಟು. ಜೀವಕ್ಕೆ ಅಪಾಯ ತರುವ ಅಲರ್ಜಿಯೂ ಇದೆ, ಆದರೆ ಅದು ಅತಿ ವಿರಳ. ಆದರೆ ಲಸಿಕೆ ಹಾಕಿಸಿದ ಮರುದಿನ ಸತ್ತ ಮೊಲಗಳಲ್ಲಿ ಎಲ್ಲವೂ ಲಸಿಕೆಯಿಂದಲೇ ಸತ್ತವಲ್ಲ. ಮೊಲ ಬೇಟೆಗೆ ಸಿಗುವ ಪ್ರಾಣಿ, ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ. ಹಲ್ಲು, ಹೊಟ್ಟೆಯ ತೊಂದರೆ ಮೊದಲೇ ಇರುತ್ತದೆ. ಕಾರಿನ ಪ್ರಯಾಣ, ನಾಯಿ ಬೊಗಳುವ ವೇಟಿಂಗ್ ರೂಮ್, ಅಪರಿಚಿತರ ಕೈ, ಇಷ್ಟಕ್ಕೇ ಹೆದರಿ ತಿನ್ನುವುದು ನಿಲ್ಲಿಸುತ್ತದೆ. ಮೊಲದ ಕರುಳು ನಿಂತರೆ ಅದೇ ಒಂದು ದೊಡ್ಡ ಕಾಯಿಲೆ.

ಅದಕ್ಕೇ ನಾನು ಚುಚ್ಚುವ ಮುಂಚೆ ಹಲ್ಲು, ಹೊಟ್ಟೆ, ತೂಕ ನೋಡುತ್ತೇನೆ. ಸಪ್ಪಗಿದ್ದರೆ ಅವತ್ತು ಕೊಡುವುದಿಲ್ಲ. ಎರಡು ಮೊಲಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ತನ್ನಿ, ಜೊತೆ ಇದ್ದರೆ ಧೈರ್ಯ. ಒಳಗೆ ಕೈತುಂಬ ಒಣಹುಲ್ಲು ಹಾಕಿ. ಖಾಲಿ ಹೊಟ್ಟೆಯಲ್ಲಿ ತರಬೇಡಿ. ಮನೆಗೆ ಹೋದ ಮೇಲೆ ತಟ್ಟೆ ನೋಡಿ, ಹಿಕ್ಕೆ ನೋಡಿ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಎನ್ನದೆ ಕ್ಲಿನಿಕ್‌ಗೆ ಫೋನ್ ಮಾಡಿ. ಬೆಳ್ಳಿ ಬಸಿರಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ, ಗಬ್ಬದ ಮೊದಲ ಎರಡು ವಾರ ಕೊಡುವುದು ಬೇಡ. ಗುಂಡನಿಗೆ ಬೀಜ ತೆಗೆಸಿದೆಯೇ ಎಂದು ನೀವು ಬರೆದಿಲ್ಲ, ಇಲ್ಲದಿದ್ದರೆ ಆ ಮಾತನ್ನೂ ಅವತ್ತೇ ಮುಗಿಸಿ. ವಯಸ್ಸಾಯಿತು ಎಂಬ ಕಾರಣಕ್ಕೆ ಲಸಿಕೆ ಬಿಡಬೇಕಾಗಿಲ್ಲ.

ಲಸಿಕೆ ಹಾಕಿಸಿದ ಮೊಲಕ್ಕೂ ರೋಗ ಬರುತ್ತದಂತೆ ಎಂದು ಯಜಮಾನರು ಕೇಳಬಹುದು. ಮಿಕ್ಸೊಮಟೋಸಿಸ್ ವಿಷಯದಲ್ಲಿ ಅದು ನಿಜ. ಆದರೆ ಲಸಿಕೆ ಆದ ಮೊಲಕ್ಕೆ ಒಂದೆರಡು ಗಂಟು, ಸ್ವಲ್ಪ ಕಣ್ಣಿನ ಊತ ಬಂದು, ಒಳ್ಳೆಯ ಆರೈಕೆ ಸಿಕ್ಕರೆ ಸಾಮಾನ್ಯವಾಗಿ ಬದುಕುತ್ತದೆ. ಆಗದ ಮೊಲಕ್ಕೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ.

ಖರ್ಚು ತೂಗದೆ ಒಂದಕ್ಕೇ ಸೈ ಎನ್ನುವುದಾದರೆ ಇಬ್ಬರಿಗೂ ನೋಬಿವ್ಯಾಕ್ ಪ್ಲಸ್ ಆದರೂ ಹಾಕಿಸಿ. ಆಗ ಗುಂಡನ ಆರ್‌ಎಚ್‌ಡಿ ರಕ್ಷಣೆಯ ಬಗ್ಗೆ ಮಾತ್ರ ಅನುಮಾನ ಉಳಿಯುತ್ತದೆ. ಏನೂ ಬೇಡ ಎಂದು ತೀರ್ಮಾನಿಸಿದರೆ ಕಿಟಕಿಗೆ ಸೊಳ್ಳೆಪರದೆ, ಹಿತ್ತಲು ಬಂದ್, ಶೂ ಹೊರಗೆ, ಹೊಲದಿಂದ ಕಿತ್ತು ತಂದ ಹುಲ್ಲು ಬೇಡ. ಇಷ್ಟೆಲ್ಲ ಮಾಡಿಯೂ ಆರ್‌ಎಚ್‌ಡಿ ಒಳಗೆ ಬಂದ ಮನೆಗಳನ್ನು ನೋಡಿದ್ದೇನೆ. ಚಿಗಟಕ್ಕೆ ಮದ್ದು ಹಾಕುವಾಗ ಒಂದು ಎಚ್ಚರ: ನಾಯಿ-ಬೆಕ್ಕಿಗೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ಹಾಕಬಾರದು, ಸಾಯಬಹುದು.

ಸಿಡ್ನಿ, ಮೆಲ್ಬರ್ನ್ ಕಡೆಯ ಕನ್ನಡಿಗರೂ ಇದನ್ನು ಓದಬಹುದು, ಅವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಮಿಕ್ಸೊಮಟೋಸಿಸ್ ಲಸಿಕೆಯನ್ನು ಸಾಕುಮೊಲಕ್ಕೂ ಕೊಡುವಂತಿಲ್ಲ. ಅದರಲ್ಲಿರುವುದು ಜೀವಂತ ವೈರಸ್, ಅದು ಹೊರಗೆ ಹರಡಿ ಕಾಡಿನ ಮೊಲಗಳಿಗೂ ರಕ್ಷಣೆ ಕೊಟ್ಟುಬಿಟ್ಟರೆ ಎಂಬ ಚಿಂತೆ ಸರ್ಕಾರಕ್ಕೆ. ಬಿಟ್ಟ ರೋಗಕ್ಕೆ ಮದ್ದು ಕೊಡಲೂ ಬಿಡದ ಈ ನೀತಿ ಮೊಲ ಸಾಕಿದವರಿಗೆ ಕಹಿ. ಅಲ್ಲಿ ಸೊಳ್ಳೆಪರದೆಯೇ ಗತಿ, ಆರ್‌ಎಚ್‌ಡಿಗೆ ಯಾವ ಲಸಿಕೆ ಸಿಗುತ್ತದೆ ಎಂದು ಸ್ಥಳೀಯ ವೆಟ್ ಹತ್ತಿರ ಕೇಳಿ. ಕ್ವೀನ್ಸ್‌ಲ್ಯಾಂಡ್‌ನಲ್ಲಂತೂ ಮೊಲ ಸಾಕುವುದೇ ಕಾನೂನಿಗೆ ವಿರುದ್ಧ.

ಇನ್ನು ಬೆಂಗಳೂರು. ಯುರೋಪಿನ ಮೊಲ ನಮ್ಮ ಕಾಡಿನಲ್ಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ಓಡುವ ಕಾಡುಮೊಲ ಬೇರೆಯದೇ ಜಾತಿ. ಅದನ್ನು ಹಿಡಿದು ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದು ಬೇರೆ ವಿಷಯ. ಮಿಕ್ಸೊಮಟೋಸಿಸ್ ನಮ್ಮಲ್ಲಿ ನೆಲೆ ನಿಂತ ರೋಗವಲ್ಲ. ಈ ಲಸಿಕೆಗಳೂ ನಾಯಿ ಲಸಿಕೆಯ ಹಾಗೆ ಪ್ರತಿ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಸಿಗುವಂಥವಲ್ಲ. ಆದ್ದರಿಂದ ಬೆಂಗಳೂರಿನ ವೈದ್ಯರು "ಮೊಲಕ್ಕೆ ಲಸಿಕೆ ಇಲ್ಲ" ಎಂದರೆ ಅವರಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ. ಅಂಗಡಿಯವರು "ಎಲ್ಲ ಲಸಿಕೆ ಆಗಿದೆ" ಎಂದು ಮರಿ ಮಾರಿದರೆ ಮಾತ್ರ ಯಾವ ಲಸಿಕೆ ಎಂದು ಹೆಸರು ಕೇಳಿ. ಕೆಲವೊಮ್ಮೆ ಅದು ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಆಗಿರುತ್ತದೆ.

ನಮ್ಮ ಕಡೆ ಮೊಲವನ್ನು ಕಾಡುವುದು ಬೇರೆ ಸಂಗತಿಗಳು. ಕಿವಿ, ಮೂತಿಯಲ್ಲಿ ಹಕ್ಕಳೆಗಟ್ಟುವ ಕಜ್ಜಿ. ಮರಿಗಳನ್ನು ಭೇದಿ ಮಾಡಿಸಿ ಕೊಲ್ಲುವ ಕಾಕ್ಸಿಡಿಯೋಸಿಸ್. ಏಪ್ರಿಲ್‌ನ ಸೆಕೆ. ಕ್ಯಾರೆಟ್, ಬಿಸ್ಕತ್ತು ಕೊಟ್ಟು ಹುಲ್ಲು ಕೊಡದೆ ಇದ್ದುದಕ್ಕೆ ಬೆಳೆದ ಹಲ್ಲು. ಇವಕ್ಕೆ ಲಸಿಕೆ ಇಲ್ಲ, ಒಣ ಗೂಡು ಮತ್ತು ಹುಲ್ಲು ಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕುಡಿಸುವ ಕೆಲಸ ಯಾವ ಊರಿನಲ್ಲೂ ಮಾಡಬೇಡಿ, ಮೊಲದ ಕರುಳಿಗೆ ಅದು ವಿಷ.

ಡಿಸೆಂಬರ್ ಪ್ರಯಾಣದ ಲೆಕ್ಕ ಹೀಗೆ ಹಾಕಿ. ಅಕ್ಟೋಬರ್ ಕೊನೆಯೊಳಗೆ ಇಬ್ಬರಿಗೂ ನೋಬಿವ್ಯಾಕ್ ಪ್ಲಸ್, ನವೆಂಬರ್ ಮಧ್ಯದಲ್ಲಿ ಗುಂಡನಿಗೆ ಫಿಲಾವ್ಯಾಕ್. ಬೋರ್ಡಿಂಗಿನಲ್ಲಿ ಸಾಮಾನ್ಯವಾಗಿ ಲಸಿಕೆ ಕಾರ್ಡ್ ಕೇಳುತ್ತಾರೆ. ಕೇಳದೇ ಇದ್ದರೆ ಆ ಜಾಗ ಬೇಡ, ಬೇರೆಯವರ ಮೊಲಗಳ ಕಾರ್ಡನ್ನೂ ಅವರು ನೋಡಿರುವುದಿಲ್ಲ. ಇವೆರಡನ್ನೂ ಒಂದೇ ಗೂಡಿನಲ್ಲಿ ಇಡುತ್ತಾರಾ, ಬೇರೆ ಮೊಲಗಳ ಜೊತೆ ಅಂಗಳ ಹಂಚಿಕೊಳ್ಳಬೇಕಾ ಎಂದೂ ಕೇಳಿಕೊಳ್ಳಿ. ಇನ್ಶೂರೆನ್ಸ್ ಇದ್ದರೆ ಅದರ ಕಾಗದವನ್ನೂ ಒಮ್ಮೆ ತೆಗೆದು ಓದಿ. ಲಸಿಕೆಯ ದಿನ ತಪ್ಪಿದ್ದರೆ ಈ ರೋಗಗಳ ಖರ್ಚು ಕೊಡುವುದಿಲ್ಲ ಎಂದು ಕೆಲವು ಕಂಪನಿಗಳು ಬರೆದಿರುತ್ತವೆ.